ನೆರ್ಮಿನ್ ಬೀ ಹೆಸರಿನ ಸಕ್ಕರಿ

ಮುದ್ದೇಬಿಹಾಳದ ಆ ಓಣಿಗೆ ಉಳ್ಳಾಗಡ್ಡಿ ಮಾರಲು ಬರುವ ತಬ್ರೇಜನಿಗೆ ದಿನಾ ಬೆಳಿಗ್ಗೆ ಒಂದು ಸಿನಿಮಾ ಪುಕ್ಕಟೆ. ಗಾಡಿ ನಿಲ್ಲಿಸಿ ಭಾವ ಹೇಳುವುದೇ ತಡ, ತುರ್ಕಿ ಚಾಚಿ ತನ್ನ ಕಿಡಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕಣ್ಣು ಕಿರಿದು ಮಾಡಿ, ದನಿ ಇಳಿಸಿ ಹೇಳುತ್ತಿದ್ದಳು: "ತಬ್ರೇಜ, ಇಲ್ಲಿವರೆಗೂ ನೀನು ನನ್ನ ಮೌನ ನೋಡಿದ್ದೀಯ. ಕೋಪ ನೋಡಿಲ್ಲ."

ತಬ್ರೇಜ ಎರಡು ಗಡ್ಡಿ ಹೆಚ್ಚಿಗೆ ಹಾಕಿ ಕೈಮುಗಿಯುತ್ತಿದ್ದ. ಕಟ್ಟೆಯ ಮೇಲೆ ಕೂತ ಗಂಡಸರು ಸೀಟಿ ಹೊಡೆಯುತ್ತಿದ್ದರು. ಆಮೇಲೆ ಗಾಡಿ ಮುಂದಕ್ಕೆ ಹೋಗುತ್ತಿತ್ತು, ಗಂಡಸರು ಚಹಾಕ್ಕೆ ಹೋಗುತ್ತಿದ್ದರು, ಚಾಚಿ ಉಡಿಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಒಬ್ಬಳೇ ಕೂತಿರುತ್ತಿದ್ದಳು. ಆಟ ಮುಗಿದ ಟಾಕೀಜಿನಲ್ಲಿ ಕಸ ಹೊಡೆಯಲು ಒಬ್ಬ ಉಳಿದಿರುತ್ತಾನಲ್ಲ, ಹಾಗೆ.

ಅವಳ ಕನ್ನಡದ ಗುರು ಟೀವಿ. ಅವಳು ಹುಟ್ಟಿದ್ದು ತುರ್ಕಸ್ತಾನದ ಅಮಾಸ್ಯಾ ಎಂಬ ಹೊಳೆದಂಡೆಯ ಊರಿನಲ್ಲಿ. ಊರ ಹೆಸರು ಹೇಳಿದಾಗ ಓಣಿಯವರು, ಪಾಪ, ಅಮಾಸಿ ದಿನ ಹುಟ್ಟಿದಾಕಿ ಇರಬೇಕು ಎಂದು ತಿಳಿದು ಬಹಳ ವರ್ಷ ಅವಳನ್ನು ಮದುವೆಮನೆಯ ಮುಂದಿನ ಸಾಲಿಗೆ ಕರೆಯಲೇ ಇಲ್ಲ. ಅಮಾಸ್ಯಾದಲ್ಲಿ ಹೆಣ್ಣುಮಕ್ಕಳ ಕಸುಬಿನ ಶಾಲೆಯಲ್ಲಿ ಕಟ್ಟಡದ ನಕ್ಷೆ ಬರೆಯುವುದು ಕಲಿತಳು. ಅಪ್ಪ ಜೆದ್ದಾದಲ್ಲಿ ಮೇಸ್ತ್ರಿಯಾಗಿದ್ದ. ಅಲ್ಲಿಗೆ ಹೋಗಿ ಅವನ ಆಫೀಸಿನಲ್ಲಿ ಕೂತು ನಕ್ಷೆ ಬರೆಯುತ್ತಿದ್ದಳು. ಅವಳು ಬರೆದ ಮೆಟ್ಟಿಲಿನ ನಕ್ಷೆಯನ್ನು ತಿರುಗಿಸಿ ನೋಡಿ, ಇಲ್ಲಿ ಹತ್ತಿದವನ ತಲೆ ತೊಲೆಗೆ ಬಡಿಯುತ್ತದೆ ಎಂದು ತೋರಿಸಿದ ಮೊದಲ ಗಂಡಸು, ಜೆದ್ದಾಕ್ಕೆ ದುಡಿಯಲು ಬಂದಿದ್ದ ಮುದ್ದೇಬಿಹಾಳದ ಶಮಶುದ್ದೀನ. ಅವಳ ನಕ್ಷೆಯನ್ನು ಅಷ್ಟು ಗಮನ ಕೊಟ್ಟು ನೋಡಿದವರು ಬೇರೆ ಯಾರೂ ಇರಲಿಲ್ಲ. ಅಷ್ಟು ಸಾಕಾಯಿತು. ಮದುವೆಯಾಗಿ ಅವನ ಹಿಂದೆ ಬಂದುಬಿಟ್ಟಳು.

ಬಂದ ಮೇಲೆ ಗೊತ್ತಾದದ್ದು, ಇಲ್ಲಿಯ ಜನ ಮಾತಾಡುವುದಿಲ್ಲ, ಮಾತನ್ನು ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಸುರಿಯುತ್ತಾರೆ ಎಂದು. ಒಂದನ್ನು ಹಿಡಿಯುವುದರೊಳಗೆ ಹತ್ತು ಬಿದ್ದಿರುತ್ತಿದ್ದವು. ಮಧ್ಯಾಹ್ನದ ಟೀವಿ ಸಿನಿಮಾದವರು ಮಾತ್ರ ಒಂದೊಂದು ಮಾತನ್ನೂ ನಿಲ್ಲಿಸಿ, ಕ್ಯಾಮೆರಾ ನೋಡಿ, ಹಿಂದೆ ವಾದ್ಯ ಬಾರಿಸಿ ಹೇಳುತ್ತಿದ್ದರು. ಹಾಗಾಗಿ ಸಿಟ್ಟನ್ನು ಖಳನಾಯಕನಿಂದ ಕಲಿತಳು, ಸಹನೆಯನ್ನು ತಾಯಿ ಪಾತ್ರದವಳಿಂದ, ವಾದವನ್ನು ಕೋರ್ಟ್ ಸೀನಿನಿಂದ. ಹಾಲಿಗೆ ನೀರು ಬೆರೆಸಿದವನನ್ನೂ ಮೈ ಲಾರ್ಡ್ ಎದುರು ನಿಲ್ಲಿಸಿದ ಹಾಗೆಯೇ ವಿಚಾರಿಸುತ್ತಿದ್ದಳು. ಓಣಿಗೆ ಅದು ಬಹಳ ಹಿಡಿಸಿತು. ಚಾಚಿ, ಒಂದು ಡೈಲಾಗ್ ಹೊಡೀರಿ ಎಂದು ಮದುವೆಗೆ ಬಂದ ನೆಂಟರನ್ನೂ ಅವಳ ಮನೆಮುಂದೆ ತಂದು ನಿಲ್ಲಿಸುತ್ತಿದ್ದರು.

ಆದರೆ ಡೈಲಾಗು ಹೊಡೆಯುವವಳ ಹತ್ತಿರ ಕೂತು ಸುಖದುಃಖ ಯಾರು ಮಾತಾಡುತ್ತಾರೆ? ಕೊರೋನಾ ಬಂದ ವರ್ಷ ಶಮಶುದ್ದೀನ ತೀರಿಕೊಂಡಾಗಲೂ ಅವಳ ಬಾಯಿಗೆ ಬಂದದ್ದು ಕಲಿತದ್ದೇ: "ನನ್ನನ್ನ ಒಂಟಿ ಮಾಡಿ ಹೋಗಿಬಿಟ್ರಲ್ಲಾ." ಮಾತು ಖರೆಯದು, ಅಳು ಖರೆಯದು. ಬಾಗಿಲ ಬಳಿ ನಿಂತ ಇಬ್ಬರು ಹೆಂಗಸರು ಸೆರಗಿನೊಳಗೆ ನಗು ಮುಚ್ಚಿಕೊಂಡದ್ದನ್ನು ಅವಳು ನೋಡಿದಳು. ಅಂದಿನಿಂದ ಅಳುವುದಿದ್ದರೆ ಒಳಗೆ ಹೋಗಿ ತುರ್ಕಿ ಭಾಷೆಯಲ್ಲಿ ಅಳುತ್ತಿದ್ದಳು. ಅದಕ್ಕೆ ಕೇಳುವವರೂ ಇರಲಿಲ್ಲ, ನಗುವವರೂ ಇರಲಿಲ್ಲ.

ಇನ್ನೊಂದು ಹೋಯಿತು ಅವನ ಜೊತೆ. ಹೆಸರು. ನೆರ್ಮಿನ್ ಎಂದು ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ. ಮಿಕ್ಕವರಿಗೆಲ್ಲ ಅವಳು ತುರ್ಕಿ ಚಾಚಿ. ಎಂಬತ್ತು ದಾಟಿದ ಮುದುಕನಿಗೂ ಚಾಚಿ, ಮೊನ್ನೆ ಹುಟ್ಟಿದ ಕೂಸಿಗೂ ಚಾಚಿ. ಸೀರೆಗೆ ಫಾಲು ಹಚ್ಚಿ ಪಿಕೋ ಹೊಡೆದುಕೊಂಡು ದಿನ ದೂಡುತ್ತಿದ್ದಳು. ಸೀರೆ ತಂದವರೂ ಹೊರಗಿನಿಂದಲೇ ಕೊಟ್ಟು ಹೋಗುತ್ತಿದ್ದರು.

ಆ ಓಣಿಯಲ್ಲಿ ಅವಳದೆಂದು ಉಳಿದದ್ದು ಕಿಡಕಿಗಳು.

ಆ ಕಥೆ ಹೀಗೆ. ಅವಳು ಬಂದ ಹೊಸದರಲ್ಲಿ ಓಣಿಯ ಪ್ರತಿ ಮನೆಗೂ ಮುಂದೆ ಕಲ್ಲಿನ ಕಟ್ಟೆ ಇತ್ತು, ಪ್ರತಿ ಕಟ್ಟೆಯ ಮೇಲೂ ಗಂಡಸರಿದ್ದರು. ಹೆಂಗಸರಿಗೆ ಹೊರಗೆ ಕೂರಲು ಜಾಗವೇ ಇರಲಿಲ್ಲ. ಗೋಡೆಯಲ್ಲಿ ಬೆಕ್ಕು ತೂರುವಷ್ಟು ಒಂದು ಕಂಡಿ, ಅದರಿಂದ ಎದುರು ಮನೆಯ ಗೋಡೆ ಕಾಣುತ್ತಿತ್ತು. ಅವಳೂರಿನಲ್ಲಿ ಮನೆಗಳು ಹೊಳೆಯ ಮೇಲೆ ಬಾಗಿ ನಿಂತಿರುತ್ತವೆ, ಕಟ್ಟಿಗೆಯ ಗೂಡೊಂದು ಗೋಡೆಯಿಂದ ಹೊರಬಂದಿರುತ್ತದೆ, ಅದರೊಳಗೆ ಕೂತ ಹೆಣ್ಣುಮಗಳಿಗೆ ಮುಂದೆ, ಎಡಕ್ಕೆ, ಬಲಕ್ಕೆ ಮೂರೂ ಕಡೆ ಕಾಣುತ್ತದೆ. ಓಣಿಗೆ ಕಾಲಿಡದೆ ಓಣಿಯಲ್ಲಿ ಕೂರುವ ಉಪಾಯ ಅದು. ಶಮಶುದ್ದೀನ ಕೆಲಸಕ್ಕೆ ಹೋದ ಮೇಲೆ ಗೋಡೆ ನೋಡಿ ನೋಡಿ ಹುಚ್ಚು ಹಿಡಿಯುವಂತಾದಾಗ ಅಂಥದೊಂದು ತನ್ನ ಮನೆಗೆ ಬೇಕೆಂದಳು.

ಆಗ ಆಲಮಟ್ಟಿಯ ಹಿನ್ನೀರು ಊರುಗಳನ್ನು ನುಂಗುತ್ತಿದ್ದ ಕಾಲ. ಮುಳುಗಡೆಯ ಮನೆಗಳನ್ನು ಬಿಚ್ಚಿ, ಕೆತ್ತನೆಯ ಬಾಗಿಲು, ಕಂಬ, ತೊಲೆ ಎಲ್ಲವನ್ನೂ ಬಂಡಿಯಲ್ಲಿ ಹೇರಿಕೊಂಡು ಬಸವನ ಬಾಗೇವಾಡಿ ಕಡೆಯಿಂದ ತಂದು ಮಾರುತ್ತಿದ್ದರು. ಅಜ್ಜನ ಅಜ್ಜಂದಿರ ಕಾಲದ ಸಾಗವಾನಿ, ಕಮ್ಮಾರ ಕೈಯಲ್ಲಿ ಬಡಿದ ಮೊಳೆ. ಬಡಿಗೇರ ಮೌನೇಶ ಆ ಕಟ್ಟಿಗೆಯಲ್ಲಿ ಅವಳು ಹೇಳಿದಂತೆ ಗೂಡು ಮಾಡಿಕೊಟ್ಟ. ಕಟ್ಟೆಯ ಮೇಲಿಂದ ಗಟಾರಿನ ಮೇಲಕ್ಕೆ ಚಾಚಿಕೊಂಡ ಕಿಡಕಿಯನ್ನು ನೋಡಿ ಓಣಿ ಒಂದು ತಿಂಗಳು ನಕ್ಕಿತು. ಆಮೇಲೆ ಎದುರು ಮನೆಯ ರೋಷನಬಿ ಗಂಡನಿಗೆ ಊಟ ಬಂದ್ ಮಾಡಿ ತನಗೊಂದು ಮಾಡಿಸಿಕೊಂಡಳು. ಆಮೇಲೆ ಸಾತವ್ವ. ಆಮೇಲೆ ಓಣಿಯ ಉದ್ದಕ್ಕೂ.

ಅಳತೆ ಮಾತ್ರ ಅವಳೇ ತೆಗೆಯುತ್ತಿದ್ದಳು. ಕಟ್ಟೆಯ ಮೇಲೆ ಸುಣ್ಣದಲ್ಲಿ ಪೂರಾ ಗೂಡನ್ನು ಬರೆದು, ಅದರೊಳಗೆ ಕೂರುವ ಮಣೆ ಇಟ್ಟು, ಮನೆಯ ಹೆಂಗಸನ್ನು ಕೂರಿಸಿ, ಮೊಣಕೈ ಮಡಚಲು ಹೇಳುತ್ತಿದ್ದಳು. ಮೊಣಕೈ ಎಲ್ಲಿ ನಿಂತಿತೋ ಅಲ್ಲಿ ಗೋಡೆಗೆ ಇದ್ದಲಿಯಿಂದ ಗೆರೆ. ಕಿಡಕಿಯ ಹಲಗೆ ಆ ಗೆರೆಗೇ ಬರಬೇಕು. ರೋಷನಬಿ ಗಿಡ್ಡಕ್ಕಿದ್ದಳು, ಅವಳ ಹಲಗೆ ಕೆಳಗೆ. ಸಾತವ್ವ ಜೋಳದ ದಂಟಿನಂತೆ ಉದ್ದ, ಅವಳದು ಮೇಲೆ. ಎಲ್ಲಾನೂ ಒಂದೇ ಗಜದಾಗ ಮಾಡಿದ್ರ ಕಣ್ಣಿಗಿ ಛಂದ ಎಂದು ಮೌನೇಶ ತಕರಾರು ತೆಗೆದ. ಚಾಚಿ ಅವನ ಅಳತೆಯ ಗಜ ಕಸಿದುಕೊಂಡು, ಗಜ ಬಂದು ಇಲ್ಲಿ ಕೂತು ಓಣಿ ನೋಡುತ್ತದೋ, ರೋಷನಬಿ ಕೂತು ನೋಡುತ್ತಾಳೋ ಎಂದು ಕೋರ್ಟ್ ಸೀನಿನ ದನಿಯಲ್ಲಿ ಕೇಳಿದಳು. ಮೌನೇಶ ಈಗ ಸಿಂದಗಿಯಲ್ಲಿ ಮಗಳ ಮನೆಯಲ್ಲಿದ್ದಾನೆ, ಯಾರನ್ನೂ ಗುರುತು ಹಿಡಿಯುವುದಿಲ್ಲ.

ಜನ ಅದಕ್ಕೆ ತುರ್ಕಿ ಕಿಡಕಿ ಎಂದು ಹೆಸರಿಟ್ಟರು. ನೆರ್ಮಿನ್ ಕಿಡಕಿ ಎನ್ನಲಿಲ್ಲ. ಆದರೂ ಆ ತುರ್ಕಿ ಎನ್ನುವುದು ನಾನೇ ಅಲ್ಲವೇ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ತನ್ನದು ಎಂದು ಯಾರಾದರೂ ಒಬ್ಬರು, ಒಂದೇ ಒಂದು ಸಲ, ಹೆಸರು ಹಿಡಿದು ಹೇಳಲಿ. ಅವಳಿಗೆ ಬೇರೆ ಆಸೆ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಪ್ರತಿ ಕಿಡಕಿಯ ಕೆಳಗೆ ಕೆಂಪು ಬಣ್ಣದ ಗುರುತು ಬಿತ್ತು. ರಸ್ತೆ ಅಗಲ ಮಾಡುತ್ತಾರೆ, ಗಟಾರಿನ ಮೇಲೆ ಚಾಚಿದ್ದೆಲ್ಲ ಒತ್ತುವರಿ, ಒಡೆಯುತ್ತಾರೆ ಎಂದು ಸುದ್ದಿ. ಓಣಿಯ ಗಂಡಸರು ಕಟ್ಟೆಯ ಮೇಲೆ ಕೂತು ಬಹಳ ಯೋಚನೆ ಮಾಡಿದರು, ಅಂದರೆ ಬಹಳ ಚಹಾ ಕುಡಿದರು. ಕೊನೆಗೆ ಮೊಬೈಲ್ ಅಂಗಡಿಯ ಖಲೀಲನಿಗೆ ಹೊಳೆಯಿತು. ಕಿಡಕಿ ಬಾದಶಾಹಿ ಕಾಲದ್ದು ಎಂದು ಸಾಬೀತಾದರೆ ಯಾರೂ ಮುಟ್ಟುವಂತಿಲ್ಲ. ಕಟ್ಟಿಗೆ ಹಳೆಯದು, ಮೊಳೆ ಹಳೆಯದು. ಹೆಸರಂತೂ ತುರ್ಕಿ. ವಿಜಾಪುರದ ಮೊದಲ ಸುಲ್ತಾನನೇ ತುರ್ಕಸ್ತಾನದಿಂದ ಬಂದವನೆಂದು ಈ ಸೀಮೆಯ ಶಾಲೆಯ ಹುಡುಗರೂ ಹೇಳುತ್ತಾರೆ. ಈ ಜಿಲ್ಲೆಯಲ್ಲಿ ಯಾರದೆಂದು ಗೊತ್ತಾಗದ ಕಲ್ಲೆಲ್ಲ ಬಾದಶಾಹನ ಲೆಕ್ಕಕ್ಕೇ ಹೋಗುತ್ತದೆ; ಒಂದಿಷ್ಟು ಕಟ್ಟಿಗೆ ಹೋದರೆ ಅವನೇನು ಬೇಡ ಎನ್ನುತ್ತಾನೆಯೇ?

ಖಲೀಲ ಮನೆಮನೆಗೆ ಹೋಗಿ ಹೇಳಿಬಂದ. ಚಾಚಿಯ ಮನೆಗೆ ಬಂದವನು ಮಾತ್ರ ತಲೆ ಕೆರೆದುಕೊಂಡ.

"ಚಾಚಿ, ಕಿಡಕಿ ಎಷ್ಟು ಹಳೇವು ಅಂತ ನೋಡಿ ವರದಿ ಬರಿಯಾಕ ಮೇಡಮ್ಮೊಬ್ಬಾಕಿ ಬರಾಕತ್ತಾಳ್ರಿ. ನೀವು ಮಾಡಿದ್ದು ಅಂತ ಗೊತ್ತಾತಂದ್ರ ಮುಗೀತು, ಮರುದಿನ ಜೇಸಿಬಿ ಬರ್ತೈತಿ. ಅವತ್ತೊಂದಿನ ನಿಮ್ಮ ಡೈಲಾಗ್ ಬಂದ್ ಇಡ್ರಿ."

ಅವಳು ಆಯಿತು ಎಂದಳು. ಅವನು ಹೋದ ಮೇಲೆ ಬಹಳ ಹೊತ್ತು ಹಲಗೆಯ ಮೇಲೆ ಮೊಣಕೈ ಇಟ್ಟುಕೊಂಡು ಕೂತಳು. ತುರ್ಕಿ ಎಂಬ ಒಂದು ಮಾತಿತ್ತು ತನ್ನ ಪಾಲಿಗೆ. ಅದನ್ನೂ ಸುಲ್ತಾನನಿಗೆ ಕೊಟ್ಟುಬಿಟ್ಟರು. ಅವನ ಹತ್ತಿರ ಆಗಲೇ ಅಷ್ಟೆಲ್ಲ ಗುಮ್ಮಟಗಳಿದ್ದವು.

ಬಂದ ಮೇಡಂ ಹೆಸರು ಸುವರ್ಣಾ. ಇಂಡಿ ತಾಲೂಕಿನ ಹಲಸಂಗಿ ಕಡೆಯ ಹುಡುಗಿ, ದೂರದ ಕಾಲೇಜೊಂದರಲ್ಲಿ ಕಟ್ಟಡಗಳ ಚರಿತ್ರೆ ಕಲಿಸುತ್ತಾಳೆ. ಕಿಡಕಿಗಳ ಫೋಟೋ ಹೊಡೆದಳು, ಮೊಳೆ ಮುಟ್ಟಿದಳು, ಕೆತ್ತನೆಯ ಮೇಲೆ ಕೈಯಾಡಿಸಿದಳು. ಖಲೀಲ ಹಿಂದೆ ಹಿಂದೆಯೇ ಬಾದಶಾಹರ ಕಥೆ ಹೇಳುತ್ತ ನಡೆದ. ಸಾತವ್ವ ತನ್ನ ಮುತ್ತಜ್ಜಿ ಇದೇ ಕಿಡಕಿಯಿಂದ ಸುಲ್ತಾನರ ಆನೆ ನೋಡಿದ್ದಳೆಂದು ಆಣೆ ಮಾಡಿದಳು. ಆ ಮುತ್ತಜ್ಜಿ ತಂಗಡಗಿಯವಳು, ಮುದ್ದೇಬಿಹಾಳ ನೋಡಿಯೇ ಇರಲಿಲ್ಲ. ಬಿಸಿಲು ಏರಿದ ಮೇಲೆ ಸುವರ್ಣಾ ಚಾಚಿಯ ಮನೆಗೆ ನೀರು ಕೇಳಿಕೊಂಡು ಒಬ್ಬಳೇ ಬಂದಳು. ಬಂದವಳು ನೆಟ್ಟಗೆ ಹೋಗಿ ಕಿಡಕಿಯಲ್ಲಿ ಕೂತಳು.

ಶಮಶುದ್ದೀನ ಹೋದ ಮೇಲೆ ಆ ಗೂಡಿನೊಳಗೆ ಬಂದು ಕೂತ ಮೊದಲನೆಯವಳು ಅವಳೇ.

ಚಹಾ ಕುಡಿಯುತ್ತ ಸುವರ್ಣಾ ಹಲಗೆಯ ಮೇಲೆ ಮೊಣಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಒಂದೊಂದು ಮನೆಯಲ್ಲಿ ಒಂದೊಂದು ಎತ್ತರ ಏಕಿದೆ ಎಂದು ಕೇಳಿದಳು. ಚಾಚಿ ತನ್ನ ಬಸಿಗೆ ಚಹಾ ಸುರಿದುಕೊಂಡಳು. ಆಗ ಆ ಹುಡುಗಿ ಓಣಿ ನೋಡುತ್ತ ಹೇಳಿದಳು.

"ನಮ್ಮ ಪಾಠದಾಗ ಜರ್ಮನಿ ಸುದ್ದಿ ಬರ್ತೈತ್ರಿ ಚಾಚಿ. ಅಲ್ಲಿ ದುಡಿಯಾಕ ಹೋದ ತುರ್ಕಿ ಹೆಣ್ಮಕ್ಕಳು ಕೊಟ್ಟ ಮನಿಯೊಳಗ ಸುಮ್ನ ಕೂಡಲಿಲ್ಲ. ಇದನ್ನ ಇಲ್ಲಿ ಸರಿಸಿ, ಅದನ್ನ ಅಲ್ಲಿ ತಗದು, ಮನಿನ ತಮಗ ತಕ್ಕಂಗ ತಿದ್ದಿಕೊಂಡ್ರು. ಬುಕ್ಕಿನ್ಯಾಗ ಮಾತ್ರ ಎಂಜಿನಿಯರನ ಹೆಸರು ಬರ್ತೈತಿ, ಅವರದು ಇಲ್ಲ. ಈಗೀಗ ಹುಡುಕಿ ಬರಿಯಾಕತ್ತಾರ. ನಮ್ಮ ಕಡಿನೂ ಅಂಥಾಕಿ ಒಬ್ಬಾಕಿ ಇರಬೇಕು. ನನಗ ಸಿಗವಲ್ಲಳು."

ನೆರ್ಮಿನ್ ಬಸಿಯ ಮೇಲಿಂದ ಅವಳನ್ನು ನೋಡಿದಳು. ಹುಡುಕುತ್ತಿರುವವಳು ಎದುರಿಗೇ ಕೂತಿದ್ದಾಳೆ. ಒಂದು ಮಾತು ಹೇಳಿದರೆ ಸಾಕು. ನಾಲಿಗೆ ತುದಿಗೆ ಬಂದದ್ದು ಡೈಲಾಗಲ್ಲ, ಸಾದಾ ಮಾತು: ನಾನೇ ಮಾಡಿದ್ದು.

ಆದರೆ ಸುವರ್ಣಾಳ ಹೆಗಲಾಚೆ ಓಣಿ ಕಾಣುತ್ತಿತ್ತು. ಎದುರಿಗೆ ರೋಷನಬಿ ಕಿಡಕಿಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು, ಮೊಣಕೈ ಹಲಗೆಯ ಮೇಲೆ. ಆಚೆ ಸಾತವ್ವ ಹೆಸರುಬೇಳೆ ಹಸನು ಮಾಡುತ್ತಿದ್ದಳು, ಮೊಣಕೈ ಹಲಗೆಯ ಮೇಲೆ. ಅದರಾಚೆ ಹೊಸ ಸೊಸೆಯೊಬ್ಬಳು ಸುಮ್ಮನೆ ರಸ್ತೆ ನೋಡುತ್ತಿದ್ದಳು. ಪ್ರತಿ ಮೊಣಕೈಯ ಕೆಳಗೆ ಕೆಂಪು ಗುರುತು. ಹೆಸರು ಹೇಳಿದರೆ ಕಿಡಕಿ ಹೋಗುತ್ತದೆ, ಎಲ್ಲರೂ ಮತ್ತೆ ಬೆಕ್ಕಿನ ಕಂಡಿಯ ಹಿಂದೆ. ಹೇಳದಿದ್ದರೆ ಹೆಸರು ಹೋಗುತ್ತದೆ. ಅದಂತೂ ಯಾವತ್ತೋ ಹೋಗಿತ್ತು.

ಅವಳು ಬಸಿ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. ತಾಯಿ ಪಾತ್ರದವಳ ದನಿ ತಂದುಕೊಂಡಳು.

"ಒಂದು ಕಥೆ ಹೇಳ್ತೀನಿ, ಕೇಳು ಮಗಳೇ. ನಮ್ಮ ಯಜಮಾನರ ಮನೆತನದಲ್ಲಿ ಹೇಳ್ತಾ ಬಂದಿರೋದು."

ಬಾದಶಾಹರ ಕಾಲದಲ್ಲಿ, ಎಂದು ಶುರುಮಾಡಿದಳು, ದೂರದ ಹೊಳೆದಂಡೆಯ ಊರಿನಿಂದ ಒಬ್ಬಳು ಗಂಡನ ಹಿಂದೆ ಇಲ್ಲಿಗೆ ಬಂದಳಂತೆ. ಗಂಡನ ದೊಡ್ಡ ಗುಣವೆಂದರೆ ಮೆಟ್ಟಿಲಿನಲ್ಲಿ ತಪ್ಪು ಹುಡುಕುವುದು. ಅವಳಿಗೆ ಭಾಷೆ ಬರುತ್ತಿರಲಿಲ್ಲ. ಕಟ್ಟೆಯನ್ನೆಲ್ಲ ಗಂಡಸರು ಹಿಡಿದಿದ್ದರು. ಓಣಿಗೆ ಕಾಲಿಡದೆ ಓಣಿಯಲ್ಲಿ ಕೂರುವ ಗೂಡನ್ನು ಅವಳು ಮಾಡಿಸಿದಳು. ಪ್ರತಿ ಹೆಂಗಸನ್ನೂ ಕೂರಿಸಿ ಮೊಣಕೈಯ ಅಳತೆ ತೆಗೆದಳು. ಅದಕ್ಕೇ ಒಂದೊಂದು ಹಲಗೆ ಒಂದೊಂದು ಎತ್ತರ. ಆಮೇಲಿನವರು ರಿಪೇರಿ ಮಾಡಿದಾಗಲೂ ಹಾಗೆಯೇ ಮಾಡಿಕೊಂಡು ಬಂದರು.

ಸುವರ್ಣಾ ಚಹಾ ಮರೆತಳು. "ಮುಂದ ಅಕಿ ಏನಾದ್ಲ್ರಿ?"

"ಏನೂ ಆಗಲಿಲ್ಲ. ಇಲ್ಲೇ ಇದ್ದಳು. ಯಾರೂ ಕೇಳಲಿಲ್ಲ."

"ಹೆಸರು ಗೊತ್ತೈತೇನ್ರಿ ಅಕಿದು?"

ಇಲ್ಲ ಎನ್ನುವುದು ಸುಲಭವಿತ್ತು. ಖಲೀಲನಿಗೆ ಮಾತು ಕೊಟ್ಟದ್ದೂ ಅಷ್ಟೇ. ಆದರೆ ಈ ಒಂದು ಕಳ್ಳತನ ಅವಳಿಂದ ತಡೆಯಲಾಗಲಿಲ್ಲ.

"ನೆರ್ಮಿನ್," ಎಂದಳು.

"ನೆರ್ಮಿನ್," ಎಂದಳು ಸುವರ್ಣಾ, ರುಚಿ ನೋಡುವವಳಂತೆ. ಇನ್ನೊಂದು ಸಲ ಎಂದಳು. ಚಾಚಿಯ ಕಣ್ಣು ತುಂಬಿದವು. ಯಾಕ್ರಿ ಎಂದು ಹುಡುಗಿ ಗಾಬರಿಯಾದಳು. ಉಳ್ಳಾಗಡ್ಡಿ ಎಂದಳು ಚಾಚಿ. ಉಳ್ಳಾಗಡ್ಡಿ ಅಡುಗೆಮನೆಯಲ್ಲಿತ್ತು.

ಹೋಗುವಾಗ ಸುವರ್ಣಾ ಅವಳ ಕೈ ಹಿಡಿದುಕೊಂಡು, ಇಂಥಾ ಮಾತು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದಳು. ಒಳ್ಳೆಯ ಹುಡುಗಿಗೆ ಟೋಪಿ ಹಾಕಿದೆನಲ್ಲ ಎಂದು ನೆರ್ಮಿನ್‌ಗೆ ಕಸಿವಿಸಿಯಾಯಿತು. ಹೇಳಿದ್ದರಲ್ಲಿ ಸುಳ್ಳು ಎಷ್ಟಿತ್ತು ಎಂದು ಲೆಕ್ಕ ಹಾಕಿದಳು. ನಾನೂರು ವರ್ಷ ಒಂದು ಬಿಟ್ಟರೆ ಉಳಿದದ್ದೆಲ್ಲ ಖರೆಯೇ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸುವರ್ಣಾಳ ವರದಿಯ ಸುದ್ದಿ ಪೇಪರಿನಲ್ಲಿ ಬಂತು. ರಸ್ತೆಯನ್ನು ಹಿಂದಿನ ಹೊಲದ ಕಡೆಯಿಂದ ತಿರುಗಿಸಿದರು. ಕೆಂಪು ಗುರುತಿನ ಮೇಲೆ ಓಣಿಯವರೇ ಸುಣ್ಣ ಬಳಿದರು. ಸುವರ್ಣಾ ಕಳಿಸಿಕೊಟ್ಟ ನೀಲಿ ಬೋರ್ಡನ್ನು ಓಣಿಯ ಬಾಯಿಗೆ ನೆಟ್ಟರು. ಅದರಲ್ಲಿ ದೊಡ್ಡದಾಗಿ ಬರೆದಿತ್ತು: ತುರ್ಕಿ ಕಿಡಕಿಗಳು, ಆದಿಲಶಾಹಿ ಕಾಲ, ವಲಸೆ ಬಂದ ನೆರ್ಮಿನ್ ಎಂಬ ಮಹಿಳೆ ರೂಪಿಸಿದ್ದೆಂದು ಪ್ರತೀತಿ.

ನೆರ್ಮಿನ್ ದಿನಾ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಹೋಗಿ ಬೋರ್ಡಿನ ಮುಂದೆ ನಿಲ್ಲುತ್ತಿದ್ದಳು. ಖಲೀಲ ಅವಳಿಗೇ ಓದಿ ತೋರಿಸಿದ. ಇದ್ಯಾರ್ರಿ ನೆರ್ಮಿನ್, ಯಾವುದೋ ಹಳೇ ಬುಕ್ಕಿನ್ಯಾಗ ಸಿಕ್ಕಿರಬೇಕು, ಮೇಡಂ ಭಾಳ ಓದಿದಾಕಿ ಎಂದ. ಕಟ್ಟೆಯ ಗಂಡಸರು ಹೆಸರು ಚಂದ ಐತಿ ಎಂದರು. ಹುಡುಗರು ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಂಡರು. ಒಬ್ಬರೂ ತಿರುಗಿ ಅವಳ ಮುಖ ನೋಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಈ ಕಡೆ ಒಂದು ಪದ್ಧತಿ ಇದೆ. ಬೇಡಿಕೊಂಡದ್ದು ಕೈಗೂಡಿತೆಂದರೆ, ಹಿಂದೂ ಇರಲಿ ಮುಸಲ್ಮಾನ ಇರಲಿ, ತೀರಿಹೋದ ಪುಣ್ಯವಂತರ ಹೆಸರಿನಲ್ಲಿ ಸಕ್ಕರಿ ಓದಿಸುತ್ತಾರೆ; ಮುಲ್ಲಾ ಬಂದು ಸಕ್ಕರಿಯ ತಟ್ಟೆಯ ಮುಂದೆ ಫಾತೆಹಾ ಹೇಳುತ್ತಾನೆ, ಆಮೇಲೆ ಓಣಿಗೆಲ್ಲ ಹಂಚುತ್ತಾರೆ. ಕಿಡಕಿ ಉಳಿಸಿದವಳು ನೆರ್ಮಿನ್. ಸತ್ತು ನಾನೂರು ವರ್ಷ ಆಗಿದೆ. ಇನ್ನೇನು ಬೇಕು? ಒಂದು ಗುರುವಾರ ಸಾತವ್ವ ಬೋರ್ಡಿನ ಕಂಬಕ್ಕೆ ಕಾಯಿ ಒಡೆದಳು, ಯಾರೋ ಹಸಿರು ಬಟ್ಟೆ ಕಟ್ಟಿದರು, ಮುಲ್ಲಾ ಮೋದಿನಸಾಬ ಊದಿನಕಡ್ಡಿ ಹಚ್ಚಿ ಓದಿಕೆ ಮಾಡಿದ. ಎರಡನೆಯ ಗುರುವಾರದ ಹೊತ್ತಿಗೆ ಅವಳು ನೆರ್ಮಿನ್ ಬೀ ಆಗಿದ್ದಳು. ಮೂರನೆಯದಕ್ಕೆ, ಜ್ವರ ಬಂದ ಮಕ್ಕಳನ್ನು ಬೋರ್ಡಿನ ಕೆಳಗೆ ಮಲಗಿಸಿ ಎಬ್ಬಿಸತೊಡಗಿದರು.

ಅವತ್ತು ಸಂಜೆ ರೋಷನಬಿ ತಟ್ಟೆ ಹಿಡಿದುಕೊಂಡು ರಸ್ತೆ ದಾಟಿ ಬಂದಳು. ಹೊರಗಿನಿಂದಲೇ ಕೊಟ್ಟು ಹೋಗುತ್ತಾಳೆಂದು ನೆರ್ಮಿನ್ ಕಿಡಕಿಯಿಂದ ಕೈ ಚಾಚಿದಳು. ಆದರೆ ರೋಷನಬಿ ಒಳಗೆ ಬಂದಳು. ಮಂಡಿ ಹಿಡಿದುಕೊಂಡು ಗೂಡಿನ ಇನ್ನೊಂದು ತುದಿಗೆ ಕೂತಳು. ನೆರ್ಮಿನ್ ಅಳತೆಯ ಆ ಗೂಡಿನಲ್ಲಿ ಅವಳ ಗಿಡ್ಡ ಕಾಲುಗಳು ನೆಲಕ್ಕೆ ಎಟುಕದೆ ತೂಗಾಡಿದವು.

"ತೊಗೊರಿ ಚಾಚಿ. ನೆರ್ಮಿನ್ ಬೀ ಹೆಸರಿಲೆ."

ನೆರ್ಮಿನ್ ಅಂಗೈ ಒಡ್ಡಿದಳು. ಸತ್ತವರಿಗೆಂದು ಓದಿದ ಸಕ್ಕರಿ, ಬದುಕಿದ್ದವಳ ಹೆಸರಿನಲ್ಲಿ, ಆ ಹೆಸರಿನವಳ ಕೈಗೇ ಬಂದು ಬಿತ್ತು. ಬಾಯಿಗೆ ಹಾಕಿಕೊಂಡಳು. ಸಕ್ಕರಿ ಸಕ್ಕರಿಯಂತೆಯೇ ಇತ್ತು.

ರೋಷನಬಿ ತಟ್ಟೆಯನ್ನು ಹಲಗೆಯ ಮೇಲಿಟ್ಟು ಓಣಿಯ ಎರಡೂ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ಕಿಡಕಿ ನೀವ ಮಾಡ್ಸಿದ್ದು ಅಂತ ನಮಗ ಗೊತ್ತಿಲ್ಲೇನ್ರಿ. ಇದ್ದಲಿ ಗೆರಿ ಇನ್ನೂ ನಮ್ಮ ಗ್ವಾಡಿ ಮ್ಯಾಲೆ ಐತಿ. ಆದ್ರ ನಿಮಗ ಒಬ್ಬಾಕಿ ಕಲಿಸಿರ್ಬೇಕಲ್ಲ, ಅಕಿಗಿ ಇನ್ನೊಬ್ಬಾಕಿ. ಮೂಲದಾಕಿ ಆ ನೆರ್ಮಿನ್ ಬೀ ಇರಬೇಕು, ಅಂತ ತಿಳಕೊಂಡೀನಿ ನಾ."

ಇರಬಹುದು ಎಂದಳು ನೆರ್ಮಿನ್.

"ನೋಡ್ರಿ, ಸತ್ತಾಕಿ ಹೆಸರಿಲೆ ಸಕ್ಕರಿ ಹಂಚಾಕತ್ತೇವಿ. ಎದುರ ಮನ್ಯಾಗ ಇಷ್ಟ ವರ್ಷ ಆತು, ನಿಮ್ಮ ಹೆಸರ ಕೇಳೇ ಇಲ್ಲ ನಾ. ಏನ್ರಿ ನಿಮ್ಮ ಖರೇ ಹೆಸರು?"

ಮದುವೆಯಾಗಿ ಬಂದಾಗಿನಿಂದ ಅವಳು ಕಾದ ಪ್ರಶ್ನೆ. ಬಂದೇ ಬಂತು, ಗೂಡಿನೊಳಗೆ ಕೂತು, ಪ್ರೀತಿಯಿಂದ. ಉತ್ತರ ಬಾಯಲ್ಲಿ ಸಕ್ಕರಿಯ ಜೊತೆ ಕರಗುತ್ತಿತ್ತು. ರೋಷನಬಿ ಒಳ್ಳೆಯವಳು. ಆದರೆ ಅವಳ ಕಿವಿಗೆ ಬಿದ್ದದ್ದು ಸಂಜೆಯ ಬಸ್ಸಿಗೆ ಸಿಂದಗಿ ಮುಟ್ಟುತ್ತದೆ, ಮರುದಿನ ಇಂಡಿ. ಮೂರನೆಯ ದಿನ ಹಲಸಂಗಿಯ ಹುಡುಗಿಯ ಮಾತು ಸುಳ್ಳಾಗುತ್ತದೆ, ಜೇಸಿಬಿ ಬರುತ್ತದೆ.

ಬೀದಿಯಲ್ಲಿ ತಬ್ರೇಜನ ಗಾಡಿ ಖಾಲಿಯಾಗಿ ಮನೆಗೆ ಹೋಗುತ್ತಿತ್ತು. ಬೋರ್ಡಿನ ಬಳಿ ಊದಿನಕಡ್ಡಿಯ ಹೊಗೆ.

ನೆರ್ಮಿನ್ ಕಣ್ಣು ಕಿರಿದು ಮಾಡಿದಳು. ದನಿ ಇಳಿಸಿದಳು. "ಕೆಲವು ಹೆಸರುಗಳನ್ನ ಕೇಳಬಾರದು, ರೋಷನಬಿ. ಕಾಲವೇ ಹೇಳುತ್ತೆ."

ರೋಷನಬಿ ಹೊಟ್ಟೆ ಹಿಡಿದು ನಕ್ಕಳು. ನೀವೇನ್ರಿ ಚಾಚಿ, ಎಲ್ಲಾದಕ್ಕೂ ಡೈಲಾಗ್ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರಶ್ನೆ ಮರೆತೇ ಹೋಯಿತು. ಮಗಳ ಫೋನು ಬಂತೆಂದು ಎದ್ದಳು, ಮಂಡಿ ಹಿಡಿದುಕೊಂಡು ರಸ್ತೆ ದಾಟಿದಳು, ಎದುರಿಗೆ ತನ್ನ ಕಿಡಕಿಯಲ್ಲಿ ಕೂತಳು. ಅವಳ ಮೊಣಕೈ ಹಲಗೆಯ ಮೇಲೆ ತಾನಾಗಿ ಹೋಗಿ ಕೂತಿತು, ಕೂಸು ತೊಡೆಗೆ ಕೂತಂತೆ.

ಅಳತೆ ಸರಿಯಾಗಿಯೇ ಇತ್ತು. ನೆರ್ಮಿನ್ ಅದನ್ನು ಕತ್ತಲಾಗುವವರೆಗೂ ನೋಡಿದಳು. ಆಮೇಲೆ ಅಂಗೈಗೆ ಅಂಟಿದ್ದ ಸಕ್ಕರಿಯನ್ನು ನೆಕ್ಕಿ, ಕಿಡಕಿ ಹಾಕಿಕೊಂಡಳು.